ರೈತ ಉತ್ಪಾದಕ ಕಂಪನಿಯ ಜಾಲತಾಣಕ್ಕೆ ತಕ್ಕ ವ್ಯವಸ್ಥೆಯ ಆಯ್ಕೆ

ಕಲಘಟಗಿ ತಾಲೂಕು ಒಂದು ಕಡೆ ಮಲೆನಾಡಿನ ಸೆರಗು, ಇನ್ನೊಂದು ಕಡೆ ಬಯಲುಸೀಮೆಯ ಅಂಚು. ದೇವಿಕೊಪ್ಪ ಹಾಗೂ ಅದರ ಸುತ್ತಲಿನ ಹಳ್ಳಿಗಳಲ್ಲಿ ಮುಂಗಾರಿಗೆ ಕೂರಿಗೆ ಭತ್ತ, ಗೋವಿನಜೋಳ, ಸೋಯಾಅವರೆ, ಹತ್ತಿ ಬಿತ್ತುತ್ತಾರೆ. ಮಾವಿನ ತೋಟಗಳೂ ಉಂಟು. ಇಂತಹ ಪ್ರದೇಶದ ರೈತರು ಒಬ್ಬೊಬ್ಬರಾಗಿ ಮಾರುವ ಬದಲು ಕೂಡಿ ಮಾರಲು ಅನುಕೂಲವಾಗುವಂತೆ 2002ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿಯಾಗಿ ಉತ್ಪಾದಕ ಕಂಪನಿ ಎಂಬ ಹೊಸ ಬಗೆಗೆ ಅವಕಾಶವಾಯಿತು. 2020ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ದೇಶದಲ್ಲಿ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಸ್ಥಾಪಿಸುವ ಯೋಜನೆಯನ್ನು ಆರಂಭಿಸಿತು. ಇದರಡಿ ಒಂದು ಸಂಸ್ಥೆಗೆ 3 ವರ್ಷಗಳ ಅವಧಿಗೆ ಗರಿಷ್ಠ 18 ಲಕ್ಷ ರೂಪಾಯಿಗಳ ಆಡಳಿತ ವೆಚ್ಚದ ನೆರವನ್ನು ಗೊತ್ತುಪಡಿಸಲಾಯಿತು.

ನೆರವಿನ ಹಣ ಬಂದ ಮೇಲೆ ಕಂಪನಿಗೊಂದು ಜಾಲತಾಣ, ಅಂದರೆ ವೆಬ್‌ಸೈಟ್, ಇರಲಿ ಎಂಬ ಮಾತು ನಿರ್ದೇಶಕರ ಸಭೆಯಲ್ಲಿ ಬಂದೇ ಬರುತ್ತದೆ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಒಬ್ಬರು ದರಪಟ್ಟಿ ಕಳಿಸುತ್ತಾರೆ. ಸಭೆಯಲ್ಲಿ ಬಣ್ಣ, ಚಿತ್ರ ಮತ್ತು ಬೆಲೆಯ ಚರ್ಚೆ ನಡೆಯುತ್ತದೆ. ನೆರವು 3 ವರ್ಷಕ್ಕೆ ನಿಲ್ಲುತ್ತದೆ, ಕಾರ್ಯನಿರ್ವಾಹಕರು ಬದಲಾಗುತ್ತಾರೆ, ಆದರೆ ಜಾಲತಾಣದ ವಾರ್ಷಿಕ ಖರ್ಚು ನಿಲ್ಲುವುದಿಲ್ಲ. ಆದ್ದರಿಂದ ತಾಣವನ್ನು ಯಾವ ವ್ಯವಸ್ಥೆಯ ಮೇಲೆ ಕಟ್ಟಬೇಕು ಎಂಬುದನ್ನು ತೀರ್ಮಾನಿಸುವಾಗ ಎರಡು ಪ್ರಶ್ನೆಗಳನ್ನು ಬೆಲೆಗಿಂತ ಮೊದಲು ಕೇಳಬೇಕಾಗುತ್ತದೆ: ಸುಗ್ಗಿಯ ದಿನಗಳಲ್ಲಿ ಅದರಲ್ಲಿ ಬರೆಯುವವರು ಯಾರು? ನಾಳೆ ಆ ವ್ಯವಸ್ಥೆಯನ್ನು ಬಿಟ್ಟರೆ ನಮ್ಮ ಜೊತೆ ಬರುವುದೇನು?

ಜಾಲತಾಣ ಎಲ್ಲರಿಗೂ ಬೇಕೇ?

ಗೋವಿನಜೋಳವನ್ನು ಲಾರಿಗಟ್ಟಲೆ ಮಾರುವ ಕಂಪನಿಗೆ ಜಾಲತಾಣದಿಂದ ಒಂದು ಕ್ವಿಂಟಲಿಗೆ ಒಂದು ರೂಪಾಯಿ ಹೆಚ್ಚು ಸಿಗುತ್ತದೆಂದು ಯಾರೂ ತಿಳಿಯಬಾರದು. ಅದಕ್ಕೆ ಕೃಷಿ ಉತ್ಪನ್ನ ಮಾರುಕಟ್ಟೆ, ಮಿಲ್ಲಿನವರೊಡನೆ ನೇರ ಒಪ್ಪಂದ, ಆನ್‌ಲೈನ್ ಟೆಂಡರ್ ಇವೇ ದಾರಿ. ಜಾಲತಾಣದ ಉಪಯೋಗ ಬೇರೆ. ದೂರದ ಖರೀದಿದಾರನೊಬ್ಬ ಫೋನಿನಲ್ಲಿ ಮಾತಾಡಿದ ನಂತರ ಈ ಕಂಪನಿ ನಿಜವಾಗಿಯೂ ಇದೆಯೇ ಎಂದು ಹುಡುಕುತ್ತಾನೆ. ಬ್ಯಾಂಕಿನವರೂ ನೋಡುತ್ತಾರೆ. ಮಾವು, ಕೂರಿಗೆ ಭತ್ತದ ಅಕ್ಕಿ, ಬೇಳೆ, ಹಿಟ್ಟು ಮುಂತಾದವನ್ನು 5 ಅಥವಾ 10 ಕಿಲೋ ಪೊಟ್ಟಣ ಮಾಡಿ ಪೇಟೆಯ ಮನೆಗಳಿಗೆ ಮಾರುವವರಿಗಂತೂ ಇದು ಅಂಗಡಿಯ ಬಾಗಿಲಿದ್ದಂತೆ.

ಕಂಪನಿಯ ಪರಿಚಯ, ವಿಳಾಸ, ಬೆಳೆಗಳ ಪಟ್ಟಿ ಇಷ್ಟೇ ಸಾಕು, ವರ್ಷಕ್ಕೊಮ್ಮೆ ಮಾತ್ರ ಬದಲಾವಣೆ ಎನ್ನುವುದಾದರೆ ನಾಲ್ಕೈದು ಸ್ಥಿರ ಪುಟಗಳನ್ನು ಬರೆಸಿದರೆ ಮುಗಿಯಿತು. ಅದು ಅಗ್ಗ, ವೇಗ, ಕೆಡುವ ಸಂಭವವೂ ಕಡಿಮೆ. ಅಂಥವರಿಗೆ ಈ ಲೇಖನದ ಉಳಿದ ಭಾಗದಲ್ಲಿ ಹೆಸರು ನೋಂದಣಿ ಮತ್ತು ಕರಾರಿನ ವಿಷಯ ಮಾತ್ರ ಬೇಕಾದೀತು.

ಸಿಎಂಎಸ್ ಎಂದರೇನು?

ಮೊದಲು ಜಾಲತಾಣದ ಪ್ರತಿಯೊಂದು ಪುಟವನ್ನೂ ಕೈಯಿಂದ ಸಂಕೇತಗಳಲ್ಲಿ ಬರೆಯುತ್ತಿದ್ದರು. ಅಕ್ಕಿಯ ದರ ಎರಡು ರೂಪಾಯಿ ಏರಿದರೂ ಅದನ್ನು ತಿದ್ದಲು ಬರೆದವನನ್ನೇ ಕರೆಯಬೇಕಾಗುತ್ತಿತ್ತು. ಈ ತೊಂದರೆಯನ್ನು ತಪ್ಪಿಸಲು ಬಂದದ್ದೇ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಸಿಎಂಎಸ್. ಇದರಲ್ಲಿ ಬರಹ, ದರ, ಚಿತ್ರ ಇವು ಒಂದು ಉಗ್ರಾಣದಲ್ಲಿರುತ್ತವೆ. ತಾಣದ ರೂಪ, ಬಣ್ಣ, ಅಕ್ಷರಗಳ ಗಾತ್ರ ಇವು ಬೇರೆಯಾಗಿ ಇರುತ್ತವೆ. ಗುಪ್ತಪದ ಹಾಕಿ ಒಳಗೆ ಹೋದ ಸಿಬ್ಬಂದಿ ಫೋನಿನಲ್ಲಿ ಸಂದೇಶ ಬರೆದಷ್ಟು ಸುಲಭವಾಗಿ ದರವನ್ನು ತಿದ್ದಬಹುದು. ರೂಪವನ್ನು ಬದಲಿಸಿದರೂ ಉಗ್ರಾಣದಲ್ಲಿದ್ದುದು ಹಾಗೆಯೇ ಉಳಿಯುತ್ತದೆ. ಬರೆಯುವವರು, ತಿದ್ದುವವರು, ಪೂರ್ಣ ಅಧಿಕಾರವಿರುವವರು ಎಂದು ಬೇರೆ ಬೇರೆ ದರ್ಜೆಗಳನ್ನೂ ಕೊಡಲು ಬರುತ್ತದೆ. ಈ ಕೊನೆಯ ಅನುಕೂಲವನ್ನು ನಮ್ಮ ಕಡೆ ಬಹಳ ಜನ ಬಳಸುವುದಿಲ್ಲ. ಒಂದೇ ಗುಪ್ತಪದ ಕಚೇರಿಯ ಗೋಡೆಯ ಮೇಲೆ ಅಂಟಿರುತ್ತದೆ.

ಉತಾರ ಯಾರ ಹೆಸರಿನಲ್ಲಿದೆ?

ಜಾಲತಾಣದಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಮೊದಲನೆಯದು ಡೊಮೇನ್, ಅಂದರೆ ತಾಣದ ಹೆಸರು. ಎರಡನೆಯದು ಹೋಸ್ಟಿಂಗ್, ತಾಣವನ್ನು ಇಟ್ಟಿರುವ ಜಾಗ. ಮೂರನೆಯದು ಮೇಲೆ ಹೇಳಿದ ಸಿಎಂಎಸ್. ದರಪಟ್ಟಿಯಲ್ಲಿ ಮೂರನ್ನೂ ಕೂಡಿಸಿ ಒಂದೇ ಮೊತ್ತ ಬರೆದಿರುತ್ತಾರೆ. ಬಿಡಿಸಿ ಬರೆದುಕೊಡಲು ಕೇಳಬೇಕು.

ಹೊಲದ ಉತಾರ ಹೇಗೋ ಡೊಮೇನ್ ಹಾಗೆ. ತಾಣವನ್ನು ಕಟ್ಟಿಕೊಡುವವರು ಅನುಕೂಲಕ್ಕಾಗಿ ತಮ್ಮ ಖಾತೆಯಲ್ಲಿಯೇ ಹೆಸರನ್ನು ನೋಂದಾಯಿಸಿಕೊಳ್ಳುವುದುಂಟು. ಅವರು ಅಂಗಡಿ ಮುಚ್ಚಿದರೆ ಅಥವಾ ಹಣದ ವಿಷಯದಲ್ಲಿ ಮನಸ್ತಾಪ ಬಂದರೆ ಕಂಪನಿಗೆ ತನ್ನ ಹೆಸರಿನ ಮೇಲೆಯೇ ಹಕ್ಕು ಸಾಧಿಸುವುದು ಕಷ್ಟ. ನೋಂದಣಿಯನ್ನು ಕಂಪನಿಯ ಹೆಸರಿನಲ್ಲಿ, ಕಂಪನಿಯ ಇಮೇಲ್ ವಿಳಾಸ ಹಾಗೂ ಕಂಪನಿಯ ಮೊಬೈಲ್ ಸಂಖ್ಯೆಯ ಮೇಲೆಯೇ ಮಾಡಿಸಬೇಕು. ಕಾರ್ಯನಿರ್ವಾಹಕರ ಸ್ವಂತ ಇಮೇಲ್ ಸಲ್ಲದು. ಏಕೆಂದರೆ ಹಣ ಕಟ್ಟುವ ದಿನ ಬಂದಾಗ ಸೂಚನೆ ಹೋಗುವುದು ಆ ವಿಳಾಸಕ್ಕೆ. ಅವರು ಕೆಲಸ ಬಿಟ್ಟು ಹೋಗಿದ್ದರೆ ಸೂಚನೆ ಯಾರ ಕಣ್ಣಿಗೂ ಬೀಳುವುದಿಲ್ಲ, ಅವಧಿ ಮುಗಿದ ಹೆಸರನ್ನು ಬೇರೆಯವರು ಕೊಂಡುಕೊಳ್ಳಬಹುದು. ಪೊಟ್ಟಣಗಳ ಮೇಲೆ ಅಚ್ಚು ಹಾಕಿಸಿದ ಹೆಸರು ಹೀಗೆ ಕೈತಪ್ಪಿದರೆ ಆಗುವ ನಷ್ಟ ಜಾಲತಾಣದ ಖರ್ಚಿಗಿಂತ ದೊಡ್ಡದು. ಇನ್ ಎಂದು ಕೊನೆಗೊಳ್ಳುವ ಭಾರತದ ಹೆಸರಿಗೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು ಖರ್ಚು. ಮೂರು ಅಥವಾ ಐದು ವರ್ಷಕ್ಕೆ ಒಮ್ಮೆಲೇ ಕಟ್ಟಿಬಿಡುವುದು ಜಾಣತನ.

ಸ್ವಂತ ಬೀಜವೋ, ಕೊಂಡ ಬೀಜವೋ?

ಸಿಎಂಎಸ್‌ಗಳಲ್ಲಿ ಎರಡು ಜಾತಿ. ಒಂದನ್ನು ಯಾರು ಬೇಕಾದರೂ ಉಚಿತವಾಗಿ ಪಡೆದು ತಮ್ಮ ಹೋಸ್ಟಿಂಗಿನಲ್ಲಿ ಇಟ್ಟುಕೊಳ್ಳಬಹುದು. ಇವು ಮುಕ್ತ ತಂತ್ರಾಂಶಗಳು: ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಲ್. ಇನ್ನೊಂದು ಜಾತಿಯಲ್ಲಿ ತಂತ್ರಾಂಶವೂ ಜಾಗವೂ ಒಂದೇ ಸಂಸ್ಥೆಯದು. ತಿಂಗಳ ಬಾಡಿಗೆ ಕೊಟ್ಟು ಬಳಸಬೇಕು: ಶಾಪಿಫೈ, ವಿಕ್ಸ್ ಮುಂತಾದವು.

ಧಾರವಾಡದ ರೈತರಿಗೆ ಈ ಭೇದ ಹೊಸದಲ್ಲ. ಜಯಧರ ಹತ್ತಿಯ ಬೀಜವನ್ನು ಮನೆಯಲ್ಲಿಯೇ ಇಟ್ಟುಕೊಂಡು ಮುಂದಿನ ವರ್ಷ ಬಿತ್ತುತ್ತಿದ್ದರು. ಧಾರವಾಡದ ಸಂಶೋಧನಾ ಕೇಂದ್ರದಿಂದ 1972ರಲ್ಲಿ ವರಲಕ್ಷ್ಮಿ ಸಂಕರಣ ಹತ್ತಿ ಬಂದಾಗ ಇಳುವರಿ ಮತ್ತು ಎಳೆಯ ಗುಣ ಎರಡೂ ಹೆಚ್ಚಿದವು, ಆದರೆ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕಾಯಿತು. ಸಂಕರಣ ಬೀಜ ಕೆಟ್ಟದ್ದೆಂದು ಯಾವ ಬೇಸಾಯ ತಜ್ಞನೂ ಹೇಳಲಾರ. ಬಾಡಿಗೆಯ ವ್ಯವಸ್ಥೆಯೂ ಹಾಗೆಯೇ: ಹಾಕಿದ ದಿನದಿಂದಲೇ ಚೆನ್ನಾಗಿ ನಡೆಯುತ್ತದೆ, ದುರಸ್ತಿಯ ಚಿಂತೆ ಇಲ್ಲ, ಆದರೆ ಬಾಡಿಗೆ ನಿಂತ ತಿಂಗಳು ಅಂಗಡಿಯೂ ಮುಚ್ಚುತ್ತದೆ. ಶಾಪಿಫೈಯಿಂದ ಸರಕಿನ ಪಟ್ಟಿ ಮತ್ತು ಗಿರಾಕಿಗಳ ಪಟ್ಟಿಯನ್ನು ಕೋಷ್ಟಕ ರೂಪದಲ್ಲಿ ಇಳಿಸಿಕೊಳ್ಳಬಹುದು. ಪುಟಗಳ ರೂಪ ಮಾತ್ರ ಅಲ್ಲಿಯೇ ಉಳಿಯುತ್ತದೆ. ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಇಡಿಯಾಗಿ ಎತ್ತಿ ಬೇರೆ ಹೋಸ್ಟಿಂಗಿಗೆ ಒಯ್ಯಲು ಬರುವುದಿಲ್ಲ. ವರ್ಡ್‌ಪ್ರೆಸ್ ಇತ್ಯಾದಿಗಳಲ್ಲಿ ಉಗ್ರಾಣವನ್ನೂ ಚಿತ್ರಗಳನ್ನೂ ಪೂರ್ತಿಯಾಗಿ ಕಟ್ಟಿಕೊಂಡು ಹೋಗಬಹುದು.

ಪುಕ್ಕಟೆ ಸಿಗುವ ಬಾಡಿಗೆ ಮನೆಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಗೂಗಲ್ ಸಂಸ್ಥೆಯು ತನ್ನ ನಕ್ಷೆಯಲ್ಲಿ ಹೆಸರು ದಾಖಲಿಸಿದ ಅಂಗಡಿಗಳಿಗೆ ಉಚಿತವಾಗಿ ಸಣ್ಣ ಜಾಲತಾಣ ಕೊಡುತ್ತಿತ್ತು. 2024ರ ಮಾರ್ಚಿನಲ್ಲಿ ಅವನ್ನೆಲ್ಲ ಮುಚ್ಚಿತು. ಕೆಲವು ತಿಂಗಳವರೆಗೆ ನಕ್ಷೆಯ ಪುಟಕ್ಕೆ ದಾರಿ ತೋರಿಸಿ ಆಮೇಲೆ ಅದನ್ನೂ ನಿಲ್ಲಿಸಿತು. ಆ ವಿಳಾಸವನ್ನು ಫಲಕದ ಮೇಲೆ ಬರೆಸಿದ್ದವರು ಫಲಕವನ್ನೇ ಬದಲಿಸಬೇಕಾಯಿತು. ಲಾವಣಿಗೆ ಹಿಡಿದ ಹೊಲದಲ್ಲಿ ಬಾವಿ ತೋಡುವ ರೈತ ಉಂಟೇ?

ಯಾವುದು ಯಾರಿಗೆ ಸೂಕ್ತ?

ವರ್ಡ್‌ಪ್ರೆಸ್ 2003ರಲ್ಲಿ ಆರಂಭವಾದದ್ದು. ಇಂದು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಇದರ ಮೇಲೆಯೇ ನಡೆಯುತ್ತಿವೆ. ರೈತ ಕಂಪನಿಗೆ ಇದರ ದೊಡ್ಡ ಗುಣವೆಂದರೆ ಬಲ್ಲವರು ಎಲ್ಲೆಡೆ ಸಿಗುತ್ತಾರೆ. ಕಟ್ಟಿದವರು ಕೈಬಿಟ್ಟರೆ ಹುಬ್ಬಳ್ಳಿ, ಧಾರವಾಡಗಳಲ್ಲಿ ಇನ್ನೊಬ್ಬರನ್ನು ಹುಡುಕುವುದು ಕಷ್ಟವಲ್ಲ. ಟ್ರ್ಯಾಕ್ಟರ್ ಕೊಳ್ಳುವಾಗ ಬಿಡಿಭಾಗ ಮತ್ತು ಮೇಸ್ತ್ರಿ ಹತ್ತಿರದಲ್ಲಿ ಸಿಗುತ್ತಾರೆಯೇ ಎಂದು ನೋಡುವುದಿಲ್ಲವೇ? ಮಾರಾಟಕ್ಕೆ ಬೇಕಾದ ವೂಕಾಮರ್ಸ್ ಎಂಬ ಜೋಡಣೆಯೂ ಉಚಿತವಾಗಿ ದೊರೆಯುತ್ತದೆ. ಒಂದು ಗೊಂದಲವನ್ನು ಇಲ್ಲಿ ನಿವಾರಿಸಬೇಕು. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಬಾಡಿಗೆಯ ಸೇವೆ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಿಂದ ಸಿಗುವುದು ಮುಕ್ತ ತಂತ್ರಾಂಶ. ದರಪಟ್ಟಿಯಲ್ಲಿ ಬರೇ ವರ್ಡ್‌ಪ್ರೆಸ್ ಎಂದಿದ್ದರೆ ಯಾವುದು ಎಂದು ಕೇಳಬೇಕು.

ಇದರ ದೋಷವೂ ಅದರ ಗುಣದಿಂದಲೇ ಹುಟ್ಟಿದ್ದು. ಪ್ಲಗಿನ್ ಎಂಬ ಸಾವಿರಾರು ಜೋಡಣೆಗಳು ಸಿಗುವುದರಿಂದ ಕಂಡಕಂಡದ್ದನ್ನು ಹಾಕಿಸುತ್ತಾರೆ. ಅವುಗಳನ್ನು ಕಾಲಕಾಲಕ್ಕೆ ಹೊಸದು ಮಾಡದಿದ್ದರೆ ಕಳ್ಳರು ಒಳನುಗ್ಗುವುದು ಅಲ್ಲಿಂದಲೇ. ಹತ್ತಕ್ಕಿಂತ ಕಡಿಮೆ ಜೋಡಣೆಗಳಲ್ಲಿ ಕೆಲಸ ಸಾಗಿಸಬೇಕೆಂಬುದು ನನ್ನ ಸಲಹೆ. ತಿಂಗಳಿಗೆ ಎರಡು ಸಲ ಹೊಸ ಆವೃತ್ತಿಗಳನ್ನು ಹಾಕುವುದು ಎಡೆ ಹೊಡೆದಷ್ಟೇ ಅಗತ್ಯದ ಕೆಲಸ. ತಡಮಾಡಿದರೆ ಕಳೆ ಬೆಳೆಯನ್ನು ಮೀರುತ್ತದೆ. ಹೊಸದು ಹಾಕುವ ಮುಂಚೆ ಇಡೀ ತಾಣದ ಒಂದು ಪ್ರತಿಯನ್ನು ತೆಗೆದು ಹೋಸ್ಟಿಂಗಿನ ಹೊರಗೆ, ಕಚೇರಿಯ ಗಣಕದಲ್ಲಿಯೋ ಬೇರೆಡೆಯೋ ಇಡಬೇಕು. ಬೀಜದ ಚೀಲ ಮತ್ತು ಉಣ್ಣುವ ಕಾಳು ಒಂದೇ ಹಗೇವಿನಲ್ಲಿದ್ದರೆ ನೀರು ಹೊಕ್ಕಾಗ ಎರಡೂ ಹೋಗುತ್ತವೆ.

ಜೂಮ್ಲಾ 2005ರಲ್ಲಿ ಬಂದದ್ದು. ಒಳ್ಳೆಯದೇ, ಆದರೆ ನಮ್ಮ ಭಾಗದಲ್ಲಿ ಬಲ್ಲವರು ಕಡಿಮೆ.

ಡ್ರೂಪಲ್ 2001ರಿಂದ ಇದೆ. ವಿಶ್ವವಿದ್ಯಾಲಯ, ಸರಕಾರಿ ಇಲಾಖೆ ಮುಂತಾದ ದೊಡ್ಡ ತಾಣಗಳಿಗೆ ಒಗ್ಗುತ್ತದೆ. ಅದರ 7ನೆಯ ಆವೃತ್ತಿ 2011ರ ಜನವರಿಯಲ್ಲಿ ಬಂದು, 2025ರ ಜನವರಿ 5ಕ್ಕೆ ಅದಕ್ಕೆ ಕೊಡುತ್ತಿದ್ದ ಬೆಂಬಲ ನಿಂತಿತು. ಅದರ ಮೇಲೆ ಕಟ್ಟಿದ್ದ ತಾಣಗಳನ್ನು ಹೊಸ ಆವೃತ್ತಿಗೆ ತರುವುದೆಂದರೆ ಹೆಚ್ಚುಕಡಿಮೆ ಮತ್ತೊಮ್ಮೆ ಕಟ್ಟಿದಂತೆಯೇ. ಹದಿನಾಲ್ಕು ವರ್ಷ ಬಾಳಿದ ತಂತ್ರಾಂಶ ಎಂದು ಮೆಚ್ಚಬಹುದು. ಆದರೆ ಮೂರು ನೂರು ಷೇರುದಾರರ ಒಂದು ಕಂಪನಿಗೆ ಆ ಎರಡನೆಯ ಕಟ್ಟೋಣದ ಖರ್ಚು ಹೊರೆಯೇ ಸರಿ.

ಪೊಟ್ಟಣ ಮಾಡಿ ಕೊರಿಯರ್ ಮೂಲಕ ಮಾರುವುದೇ ಮುಖ್ಯ ಉದ್ಯೋಗ, ದಿನಕ್ಕೆ ಹತ್ತಾರು ಬೇಡಿಕೆಗಳು ಬರುತ್ತವೆ, ಕಚೇರಿಯಲ್ಲಿ ಗಣಕ ಬಲ್ಲವರು ಯಾರೂ ಇಲ್ಲ ಎಂದಾದರೆ ಬಾಡಿಗೆಯ ಅಂಗಡಿಯೇ ಮೇಲು. ಆಗ ತಿಂಗಳ ಬಾಡಿಗೆಯ ಜೊತೆಗೆ ಪ್ರತಿ ಮಾರಾಟದ ಮೇಲೆ ಶುಲ್ಕವಿದೆಯೇ, ಹಣ ವರ್ಗಾಯಿಸುವ ಸಂಸ್ಥೆಗೆ ಎಷ್ಟು ಹೋಗುತ್ತದೆ ಎಂಬುದನ್ನು ಕೂಡಿಸಿ ಲೆಕ್ಕ ಹಾಕಬೇಕು. ಅಕ್ಕಿಯಂತಹ ಸರಕಿನಲ್ಲಿ ಕಿಲೋಗೆ ಉಳಿಯುವ ಲಾಭವೇ ಸಣ್ಣದು. ಡೊಮೇನ್ ಮಾತ್ರ ಎಲ್ಲ ಸಂದರ್ಭಗಳಲ್ಲಿಯೂ ಕಂಪನಿಯದೇ ಇರಲಿ. ಆಗ ಅಂಗಡಿ ಬದಲಾದರೂ ವಿಳಾಸ ಬದಲಾಗದು.

ಮೊದಲ ವರ್ಷವೇ ಆನ್‌ಲೈನ್ ಖರೀದಿಯ ಪೂರ್ಣ ಏರ್ಪಾಟು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ದರ, ದಾಸ್ತಾನು, ಫೋನ್ ಸಂಖ್ಯೆ ಇರುವ ಒಂದು ಪುಟವಿರಲಿ. ಗಿರಾಕಿ ವಾಟ್ಸಾಪಿನಲ್ಲಿ ಬೇಡಿಕೆ ಕಳಿಸಿ ಯುಪಿಐ ಮೂಲಕ ಹಣ ಕಟ್ಟಲಿ. ದಿನಕ್ಕೆ ಇಂತಿಷ್ಟು ಬೇಡಿಕೆ ಬರುತ್ತದೆಂದು ಗೊತ್ತಾದ ಮೇಲೆ ಮುಂದಿನ ಹೆಜ್ಜೆ ಇಡಬಹುದು.

ಕನ್ನಡದ ಪರೀಕ್ಷೆ

ದರಪಟ್ಟಿ ಕೊಡುವವರು ತೋರಿಸುವ ಮಾದರಿಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಕಂಪನಿಯ ಷೇರುದಾರರು ಓದುವುದು ಕನ್ನಡ. ಆದ್ದರಿಂದ ಒಪ್ಪುವ ಮುಂಚೆ ಒಂದು ಪುಟ ಕನ್ನಡ ಬರಹವನ್ನು ಕೊಟ್ಟು ಹಾಕಿ ತೋರಿಸಲು ಹೇಳಬೇಕು.

ಮೊದಲು ನೋಡಬೇಕಾದದ್ದು ಅಕ್ಷರದ ಸಂಕೇತ. ಕನ್ನಡವು ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೂ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಠರಾವು, ವಾರ್ಷಿಕ ವರದಿಗಳು ಕಚೇರಿಗಳಲ್ಲಿ ರಾಶಿ ರಾಶಿ ಇವೆ. ಅವನ್ನು ಹಾಗೆಯೇ ತಾಣಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಬೆರಕೆ ಕಾಣುತ್ತದೆ. ಚಿತ್ರವಾಗಿ ಹಾಕಿದರೆ ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಗದು. ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು.

ಎರಡನೆಯದು ಸಾಲುಗಳ ಅಂತರ. ಇಂಗ್ಲಿಷಿಗೆಂದು ಮಾಡಿದ ವಿನ್ಯಾಸಗಳಲ್ಲಿ ಸಾಲುಗಳು ಒತ್ತಾಗಿರುತ್ತವೆ. ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ ಅಥವಾ ಅರ್ಧ ಕತ್ತರಿಸಿಹೋಗುತ್ತವೆ. ದೊಡ್ಡ ಶೀರ್ಷಿಕೆಗಳಲ್ಲಿ ಇದು ಎದ್ದು ಕಾಣುತ್ತದೆ. ‘ರಾಷ್ಟ್ರೀಯ’, ‘ಉತ್ಪನ್ನ’, ‘ಸಂಸ್ಕರಣೆ’ ಎಂಬ ಪದಗಳನ್ನು ಶೀರ್ಷಿಕೆಯಾಗಿ ಹಾಕಿಸಿ ಅಗ್ಗದ ಮೊಬೈಲಿನಲ್ಲಿ ನೋಡಿದರೆ ಸಾಕು. ತಾಣವು ತಾನಾಗಿ ಮಾಡಿಕೊಡುವ ಪಿಡಿಎಫ್ ರಸೀದಿಯನ್ನೂ ನೋಡಬೇಕು. ಪರದೆಯ ಮೇಲೆ ಸರಿಯಿದ್ದ ಕನ್ನಡ ರಸೀದಿಯಲ್ಲಿ ಒಡೆದು ಬರುವುದು ಹೆಚ್ಚು.

ಇನ್ನು ಪುಟದ ವಿಳಾಸ. ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಶೀರ್ಷಿಕೆ ಕೊಟ್ಟರೆ ವಿಳಾಸವೂ ಕನ್ನಡದಲ್ಲಿಯೇ ತಯಾರಾಗುತ್ತದೆ. ಒಳಗೆ ಒಂದೊಂದು ಕನ್ನಡ ಅಕ್ಷರ ಚಿಹ್ನೆಯೂ ಶೇಕಡಾ ಗುರುತುಗಳ ಸಹಿತ ಒಂಬತ್ತು ಅಕ್ಷರಗಳಾಗಿ ಬೆಳೆಯುವುದರಿಂದ ಅರ್ಧದಲ್ಲಿಯೇ ತುಂಡಾಗುವುದೂ ಉಂಟು. ವಾಟ್ಸಾಪಿನಲ್ಲಿ ಹಂಚಿದಾಗ ನಾಲ್ಕು ಸಾಲಿನ ಗೋಜಲು ಕಾಣುತ್ತದೆ. ಶೀರ್ಷಿಕೆ ಕನ್ನಡದಲ್ಲಿರಲಿ, ವಿಳಾಸವನ್ನು ರೋಮನ್ ಅಕ್ಷರಗಳಲ್ಲಿ ಚಿಕ್ಕದಾಗಿ ಬರೆಯಬೇಕು.

ಷೇರುದಾರರಿಗೆ ಕನ್ನಡ, ಹೊರಗಿನ ಖರೀದಿದಾರರಿಗೆ ಇಂಗ್ಲಿಷ್ ಎಂದು ಎರಡು ಭಾಷೆ ಬೇಕಾದಾಗ ಡ್ರೂಪಲ್ ಮತ್ತು ಜೂಮ್ಲಾಗಳಲ್ಲಿ ಆ ಸೌಲಭ್ಯ ಮೂಲದಲ್ಲಿಯೇ ಇದೆ. ವರ್ಡ್‌ಪ್ರೆಸ್‌ಗೆ ಪಾಲಿಲ್ಯಾಂಗ್‌ನಂತಹ ಜೋಡಣೆ ಬೇಕು.

ಚಿತ್ರಗಳ ಭಾರ

ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ 3ರಿಂದ 5 ಮೆಗಾಬೈಟ್ ಇರುತ್ತದೆ. ಹತ್ತು ಚಿತ್ರ ಹಾಕಿದರೆ ಹಳ್ಳಿಯ ಸಿಗ್ನಲ್ಲಿನಲ್ಲಿ ಪುಟ ತೆರೆಯುವ ಹೊತ್ತಿಗೆ ಗಿರಾಕಿ ಎದ್ದು ಹೋಗಿರುತ್ತಾನೆ. ಒಂದೊಂದನ್ನೂ 200 ಕಿಲೋಬೈಟಿನ ಒಳಗೆ ಇಳಿಸಿ ಹಾಕಬೇಕು. ಮಾರಾಟಕ್ಕಿಟ್ಟ ಪೇಟೆ ಚಿತ್ರಗಳಿಗಿಂತ ನಮ್ಮದೇ ಹೊಲದ ನಾಲ್ಕು ಚಿತ್ರ, ಯಾವ ತಳಿ, ಯಾವ ತಿಂಗಳಲ್ಲಿ ಕೊಯ್ದದ್ದು, ಎಲ್ಲಿ ಗಿರಣಿ ಮಾಡಿಸಿದ್ದು ಎಂಬ ನಾಲ್ಕು ಸಾಲು ಗಿರಾಕಿಗೆ ಹೆಚ್ಚು ನಂಬಿಕೆ ಕೊಡುತ್ತವೆ.

ಕಾಯ್ದೆ ಕೇಳುವ ವಿವರಗಳು

ಉತ್ಪಾದಕ ಕಂಪನಿಯೂ ಕಂಪನಿಯೇ. 2014ರ ಕಂಪನಿ ಸ್ಥಾಪನಾ ನಿಯಮಗಳ ಪ್ರಕಾರ ಜಾಲತಾಣವಿರುವ ಕಂಪನಿಯು ತನ್ನ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಕಂಪನಿ ಗುರುತು ಸಂಖ್ಯೆ, ದೂರವಾಣಿ, ಇಮೇಲ್ ಮತ್ತು ವಿಚಾರಣೆಗೆ ಸಂಪರ್ಕಿಸಬೇಕಾದವರ ಹೆಸರನ್ನು ಮುಖಪುಟದಲ್ಲಿ ತೋರಿಸಬೇಕು. ತಾಣದ ಮೂಲಕವೇ ಮಾರುವವರಿಗೆ ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳೂ ಅನ್ವಯಿಸುತ್ತವೆ. ದೂರು ಪರಿಹಾರ ಅಧಿಕಾರಿಯ ಹೆಸರು, ಸಂಪರ್ಕ ವಿವರ ಇರಬೇಕು. ಆಹಾರ ಪದಾರ್ಥಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಬೇಕು. ಯಾವ ಸಿಎಂಎಸ್ ಆದರೂ ಈ ವಿವರಗಳು ಪ್ರತಿ ಪುಟದ ಅಡಿಯಲ್ಲಿ ಬರುವಂತೆ ಒಮ್ಮೆ ಬರೆದಿಟ್ಟರೆ ಸಾಕು. ಷೇರುದಾರರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಉತಾರದ ಪ್ರತಿಗಳನ್ನು ತಾಣದ ಉಗ್ರಾಣದಲ್ಲಿ ಇಡಲೇಬಾರದು.

ಕರಾರು ಮತ್ತು ಕಾಲ

ಕಟ್ಟಿಕೊಡುವವರೊಡನೆ ಬರವಣಿಗೆಯಲ್ಲಿ ಕರಾರು ಇರಬೇಕು. ಡೊಮೇನ್ ಮತ್ತು ಹೋಸ್ಟಿಂಗ್ ಖಾತೆ ಕಂಪನಿಯ ಹೆಸರಿನಲ್ಲಿರುವುದು, ಪೂರ್ಣ ಅಧಿಕಾರದ ಗುಪ್ತಪದವನ್ನು ಒಪ್ಪಿಸುವುದು, ತಿಂಗಳಿಗೊಮ್ಮೆ ಪೂರ್ಣ ಪ್ರತಿ ತೆಗೆದುಕೊಡುವುದು, ಇಬ್ಬರು ಸಿಬ್ಬಂದಿಗೆ ತರಬೇತಿ ಕೊಡುವುದು ಇವಿಷ್ಟು ಅದರಲ್ಲಿ ಬರಲೇಬೇಕು. ಹಂಚಿಕೆಯ ಹೋಸ್ಟಿಂಗಿಗೆ ಮೊದಲ ವರ್ಷ ಕಡಿಮೆ ದರ ತೋರಿಸಿ ಎರಡನೆಯ ವರ್ಷ ಎರಡು ಮೂರು ಪಟ್ಟು ಕೇಳುವುದು ಈ ವ್ಯಾಪಾರದ ರೂಢಿ. ಆದ್ದರಿಂದ ದರಪಟ್ಟಿಯಲ್ಲಿ 2 ಮತ್ತು 3ನೆಯ ವರ್ಷದ ಖರ್ಚನ್ನೂ ಬರೆಸಿಕೊಳ್ಳಬೇಕು. ಕೊನೆಯ ಕಂತಿನ ಹಣ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿಸಿರಿ: ತೆಗೆದಿಟ್ಟ ಪ್ರತಿಯಿಂದ ತಾಣವನ್ನು ಬೇರೊಂದು ಜಾಗದಲ್ಲಿ ಮತ್ತೆ ನಿಲ್ಲಿಸಿ ತೋರಿಸಲಿ. ಮೊಳಕೆ ಪರೀಕ್ಷೆ ಇಲ್ಲದೆ ಬೀಜ ಬಿತ್ತಿದರೆ ಹುಟ್ಟುತ್ತದೋ ಇಲ್ಲವೋ ಹೊಲದಲ್ಲಿಯೇ ತಿಳಿಯಬೇಕಾಗುತ್ತದೆ.

ಬರೆಯುವ ಕೆಲಸಕ್ಕೆ ಕಾರ್ಯನಿರ್ವಾಹಕರೊಬ್ಬರನ್ನೇ ನಂಬಬಾರದು. ಷೇರುದಾರರ ಮನೆಗಳಲ್ಲಿ ಪದವಿ ಓದಿದ ಹೆಣ್ಣುಮಕ್ಕಳು, ಸೊಸೆಯಂದಿರು ಇದ್ದಾರೆ. ವಾರಕ್ಕೆ ಎರಡು ಗಂಟೆಯ ಈ ಕೆಲಸವನ್ನು ಗೌರವಧನ ಕೊಟ್ಟು ಅವರಲ್ಲಿ ಇಬ್ಬರಿಗೆ ವಹಿಸಬಹುದು. ವಿಸ್ತರಣಾ ಕಾರ್ಯಕರ್ತರು ಇವರ ತರಬೇತಿಯ ದಿನ ಹಾಜರಿದ್ದರೆ ಒಳ್ಳೆಯದು.

ಮಾವು ಮಾರುವ ಉದ್ದೇಶವಿದ್ದರೆ ಹಣ್ಣು ಮೇ ತಿಂಗಳಿಗೆ ಬರುತ್ತದೆ. ಡೊಮೇನ್ ನೋಂದಣಿಯನ್ನು ಡಿಸೆಂಬರಿನಲ್ಲಿಯೇ ಮುಗಿಸಿ, ಜನವರಿ ಫೆಬ್ರುವರಿಗಳಲ್ಲಿ ತಾಣ ಕಟ್ಟಿಸಿ, ಮಾರ್ಚಿನಲ್ಲಿ ಹತ್ತು ಪರಿಚಯದ ಮನೆಗಳಿಂದ ಅಕ್ಕಿಗೆ ಬೇಡಿಕೆ ತರಿಸಿ ಪರೀಕ್ಷಿಸಬೇಕು. ಏಪ್ರಿಲ್ ನಂತರ ಹೊಸ ಜೋಡಣೆ, ಹೊಸ ರೂಪ ಯಾವುದನ್ನೂ ಹಾಕಿಸಬಾರದು. ಹಣ್ಣು ಇಳಿಯುವ ವಾರದಲ್ಲಿ ತಾಣ ಕೆಟ್ಟು ನಿಂತರೆ ದುರಸ್ತಿಯವರು ಬರುವವರೆಗೆ ಹಣ್ಣು ಕಾಯುವುದಿಲ್ಲ. ಕೂರಿಗೆ ಭತ್ತದ ಅಕ್ಕಿ ಮಾತ್ರ ಇದ್ದರೆ ಇಷ್ಟು ಅವಸರವಿಲ್ಲ, ಮಳೆಗಾಲದಲ್ಲಿ ಕೆಲಸ ಹಿಡಿದು ದೀಪಾವಳಿಯ ಹೊತ್ತಿಗೆ ತೆರೆಯಬಹುದು.